ಕಂಡದ್ದನ್ನು ಬರೆಯದೆ ಕೆಟ್ಟೆ

ಏಪ್ರಿಲ್ ತಿಂಗಳು. ಇಳಕಲ್ಲಿನಲ್ಲಿ ಬೆಳಗಿನ ಬಸ್ಸು ಹಿಡಿದು ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯ ಕಾಲೇಜು ಮುಟ್ಟುವಷ್ಟರಲ್ಲಿ ದುಪಟ್ಟಾ ಬೆವರಿಗೆ ತೊಯ್ದಿತ್ತು. ಅವತ್ತು ಬಿ.ಎಸ್ಸಿ. ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಚೀಟಿ ಎತ್ತಿದರೆ ನನಗೆ ಬಂದದ್ದು ‘ಜೊಲ್ಲಿನ ಅಮೈಲೇಸ್ ಕಿಣ್ವದ ಮೇಲೆ ಉಷ್ಣಾಂಶದ ಪರಿಣಾಮ’. ಒಳಗೊಳಗೇ ಕುಣಿದೆ. ಇದಕ್ಕಿಂತ ಸುಲಭದ ಪ್ರಯೋಗ ಯಾವುದಿದೆ?

ಪ್ರಯೋಗ ಇಷ್ಟೇ. ಮೂರು ಟೆಸ್ಟ್ ಟ್ಯೂಬುಗಳಲ್ಲಿ ನೀರು ಬೆರೆಸಿದ ಜೊಲ್ಲು. ಒಂದು ಬರ್ಫದಲ್ಲಿ, ಇನ್ನೊಂದು 37 ಡಿಗ್ರಿಯ ನೀರಿನಲ್ಲಿ, ಮತ್ತೊಂದು ಕುದಿಯುವ ನೀರಿನಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಮೂರಕ್ಕೂ ಪಿಷ್ಟದ ದ್ರಾವಣ ಹಾಕಬೇಕು. ಆಮೇಲೆ ಆಗಾಗ ಒಂದು ಹನಿ ತೆಗೆದು ಬಿಳಿ ಹೆಂಚಿನ ಮೇಲೆ ಅಯೋಡಿನ್ ಜೊತೆ ಬೆರೆಸಿ ನೋಡಬೇಕು. ಪಿಷ್ಟ ಉಳಿದಿದ್ದರೆ ನೀಲಿ. ಕಿಣ್ವ ಅದನ್ನು ಒಡೆದು ಸಕ್ಕರೆ ಮಾಡಿದ್ದರೆ ನೀಲಿ ಇಲ್ಲ.

ಬರ್ಫದ ಹನಿ ನೀಲಿಯಾಗಿಯೇ ಇತ್ತು. 37 ಡಿಗ್ರಿಯದು ಕೆಲವೇ ನಿಮಿಷಗಳಲ್ಲಿ ನೀಲಿ ಕಳೆದುಕೊಂಡಿತು. ಅಷ್ಟರಲ್ಲಿ ‘ಟೈಮ್ ಆತು’ ಎಂಬ ಕೂಗು. ಗಡಿಬಿಡಿಯಲ್ಲಿ ಕುದಿಯುವ ನೀರಿನಿಂದ ಮೂರನೇ ಟ್ಯೂಬು ಎತ್ತಿದವಳೇ ನೇರವಾಗಿ ಅದಕ್ಕೇ ಅಯೋಡಿನ್ ಸುರಿದೆ. ನೀಲಿ ಬರಲೇ ಇಲ್ಲ!

ಪುಸ್ತಕದ ಪ್ರಕಾರ ಬರಲೇಬೇಕು. ಕುದಿಸಿದರೆ ಕಿಣ್ವ ಕೆಡುತ್ತದೆ, ಪಿಷ್ಟ ಹಾಗೇ ಉಳಿಯುತ್ತದೆ. ನಾನು ಹೆಚ್ಚು ಯೋಚಿಸಲಿಲ್ಲ. ಉತ್ತರ ಪತ್ರಿಕೆಯಲ್ಲಿ ‘ಗಾಢ ನೀಲಿ’ ಎಂದು ಬರೆದುಬಿಟ್ಟೆ.

ಹಿಂದೆ ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ನಿಂತಿದ್ದರು. ‘ಏನವಾ, ಕಂಡಿದ್ದೇನು, ಬರದಿದ್ದೇನು?’ ಎಂದರು. ನನ್ನ ಬಾಯಿ ಕಟ್ಟಿತು. ಅವರು ಆ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು, ‘ಸುಮ್ನ ನೋಡ್ಕೋತ ನಿಲ್ಲು’ ಎಂದರು. ಟ್ಯೂಬು ಆರುತ್ತಾ ಬಂದಂತೆ ಅದರೊಳಗೆ ನೀಲಿ ಮೆಲ್ಲಗೆ ಮೂಡತೊಡಗಿತು. ಪಿಷ್ಟ ಮತ್ತು ಅಯೋಡಿನ್ ಕೂಡಿದಾಗ ಬರುವ ಬಣ್ಣ ಬಿಸಿಯಲ್ಲಿ ನಿಲ್ಲುವುದಿಲ್ಲ, ತಣಿದ ಮೇಲೆ ಮರಳುತ್ತದೆ. ಹನಿಯನ್ನು ಹೆಂಚಿನ ಮೇಲೆ ತೆಗೆದು ನೋಡಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ.

ಟ್ಯೂಬು ಸುಳ್ಳು ಹೇಳಿರಲಿಲ್ಲ, ಪುಸ್ತಕವೂ ಹೇಳಿರಲಿಲ್ಲ. ಹೇಳಿದವಳು ನಾನೊಬ್ಬಳೇ. ‘ನೀಲಿ ಬರಲಿಲ್ಲ ಸರ, ಯಾಕಂತ ಗೊತ್ತಾಗ್ಲಿಲ್ಲ ಅಂತ ಬರದಿದ್ರ ಪೂರ್ತಿ ಮಾರ್ಕ್ಸ್ ಕೊಡ್ತಿದ್ನಿ’ ಎಂದು ಅವರು ಮುಂದಿನ ಟೇಬಲ್ಲಿಗೆ ಹೋದರು. ಅಂಕಪಟ್ಟಿಯಲ್ಲಿ ಇಂದಿಗೂ ನಾನು ಯಾರಿಗೂ ತೋರಿಸಲು ಇಷ್ಟಪಡದ ಅಂಕ ಅದೊಂದೇ.

ಸಂಜೆ ಮನೆಗೆ ಬಂದು ಅವ್ವನ ಮುಂದೆ ಅತ್ತೆ. ಅವ್ವ ಮಗ್ಗದ ಕುಣಿಯಲ್ಲಿ ಕುಳಿತಿದ್ದಳು. ಎಲ್ಲ ಕೇಳಿ, ‘ಇದನ್ನ ಕಲಿಯಾಕ ಬಾಗಲಕೋಟಿಗೆ ಹೋಗಬೇಕೇನ? ಚಳಿಗಾಲದಾಗ ಹಾಸಿನ ನೂಲಿಗೆ ಮಾಡಿದ ಗಂಜಿ ಮರುದಿನಕ್ಕೂ ಬರತೈತಿ, ಬ್ಯಾಸಗ್ಯಾಗ ಸಂಜಿಕಿ ನೀರಾಗತೈತಿ’ ಎಂದಳು. ನಾನು ದಂಗಾದೆ. ಗಂಜಿಯೆಂದರೆ ಪಿಷ್ಟ. ಗಾಳಿಯಿಂದ ಬಂದು ಕೂರುವ ಸೂಕ್ಷ್ಮಜೀವಿಗಳು ಅಮೈಲೇಸ್ ಬಿಟ್ಟು ಅದನ್ನು ಒಡೆಯುತ್ತವೆ. ಸೆಕೆ ಹೆಚ್ಚಿದಷ್ಟೂ ಅವುಗಳ ಕೆಲಸ ಚುರುಕು. ದೊಡ್ಡ ಗಿರಣಿಗಳಲ್ಲಿ ನೇಯ್ದ ಬಟ್ಟೆಯ ಗಂಜಿ ತೆಗೆಯಲು ಇದೇ ಅಮೈಲೇಸನ್ನು ಬೇಕೆಂದೇ ಬಳಸುತ್ತಾರೆ. ನಮ್ಮ ಮನೆಗೆ ಹಾಳು, ಗಿರಣಿಗೆ ಹದ.

ಆಮ್ಲದ ಪಾಠ ಕಲಿತದ್ದು ಬಾದಾಮಿಯಲ್ಲಿ. ಗೆಳತಿಯ ಊರು ಅದು. ರಜೆಯಲ್ಲಿ ಬನಶಂಕರಿಗೆ ಹೋದಾಗ ಗುಡಿಯ ಹತ್ತಿರ ಬುಟ್ಟಿ ಹೊತ್ತು ಬರುವ ಅಜ್ಜಿಯರಿಂದ ಜೋಳದ ರೊಟ್ಟಿ, ಪುಟ್ಟ ಗಡಿಗೆಯ ಮೊಸರು ಕೊಂಡು ತಿಂದೆವು. ‘ರೊಟ್ಟಿ ಬರೇ ಅಗಿ, ಪಲ್ಯ ಹಚ್ಚಬ್ಯಾಡ’ ಎಂದಳು ಗೆಳತಿ. ಅಗಿಯುತ್ತಾ ಹೋದಂತೆ ರೊಟ್ಟಿ ಸಿಹಿಯಾಯಿತು. ಬಾಯಿಯ ಪಿಎಚ್ ಹೆಚ್ಚುಕಡಿಮೆ 7ರ ಆಸುಪಾಸು. ಜೊಲ್ಲಿನ ಅಮೈಲೇಸಿಗೆ ಅದೇ ಹಿತ. ತುತ್ತು ಹೊಟ್ಟೆಗಿಳಿದು ಅಲ್ಲಿನ ಆಮ್ಲದಲ್ಲಿ ಕಲೆತಾಗ ಅದರ ಕೆಲಸ ನಿಲ್ಲುತ್ತದೆ. ಆದರೆ ಪ್ರೋಟೀನು ಒಡೆಯುವ ಪೆಪ್ಸಿನ್‌ಗೆ ಪಿಎಚ್ 2ರ ಆ ಹುಳಿಯೇ ಬೇಕು. ಮುಂದೆ ಸಣ್ಣ ಕರುಳಿನಲ್ಲಿ ಆಮ್ಲ ತಗ್ಗಿದಾಗ ಮೇದೋಜೀರಕ ಗ್ರಂಥಿಯ ಅಮೈಲೇಸ್ ಉಳಿದ ಪಿಷ್ಟವನ್ನು ನೋಡಿಕೊಳ್ಳುತ್ತದೆ. ಒಬ್ಬರಿಗೆ ಒಗ್ಗದ ಜಾಗ ಇನ್ನೊಬ್ಬರ ತವರು.

ಗಡಿಗೆಯ ಮೊಸರಿನ ಕಥೆಯೂ ಅದೇ. ಹೆಪ್ಪಿನ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳಿಂದ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ 4.6ರ ಹತ್ತಿರ ಬರುವಾಗ ಹಾಲು ಗಟ್ಟಿಯಾಗುತ್ತದೆ. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಮೊಸರಾಗದು. ಹೊರಗೆ ಸೆಕೆಯಿದ್ದರೆ ಹುಳಿ ಬೇಗ ಏರುತ್ತದೆ. ಮಣ್ಣಿನ ಗಡಿಗೆ ಸಣ್ಣಗೆ ಬೆವರಿ ತಂಪಾಗಿರುವುದರಿಂದ ಅದರೊಳಗಿನ ಮೊಸರು ಅಷ್ಟು ಬೇಗ ಹುಳಿಯಾಗುವುದಿಲ್ಲ.

ಅಂದಹಾಗೆ, ನಾವು ಮಾತುಮಾತಿಗೆ ಹೇಳುವ ಈ ಪಿಎಚ್ ಹುಟ್ಟಿದ್ದೇ ಕಿಣ್ವಗಳಿಂದ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸನ್ ಕಿಣ್ವಗಳನ್ನು ಅಭ್ಯಸಿಸುವಾಗ ಆಮ್ಲೀಯತೆಯನ್ನು ಅಳೆಯಲು ಸರಳ ಅಳತೆಯೊಂದು ಬೇಕಾಯಿತು. 1909ರಲ್ಲಿ ಅವರು ಕೊಟ್ಟ ಅಳತೆಯೇ ಇದು.

ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಅರ್ಜಿ ಹಾಕುವುದು, ಕಾಯುವುದು, ಕಂಡಿಕೆಗೆ ನೂಲು ಸುತ್ತುವುದು. ‘ಕಲ್ತಿದ್ದೆಲ್ಲ ಮರ್ತು ಹೋಗಿರಬೇಕಲ್ಲ?’ ಎಂದು ನೆಂಟರು ಕೇಳಿದಾಗ ಆ ಪರೀಕ್ಷೆಯ ದಿನದ ಇನ್ನೊಂದು ಸಂಗತಿ ನೆನಪಾಗುತ್ತಿತ್ತು. ಎಲ್ಲ ಮುಗಿದ ಮೇಲೆ ಪರೀಕ್ಷಕರು ನನ್ನ ಬರ್ಫದ ಟ್ಯೂಬನ್ನು ಕೈಗೆ ಕೊಟ್ಟು, ‘ಅಂಗೈಯಾಗ ಬಿಗಿಯಾಗಿ ಹಿಡ್ಕೋ’ ಎಂದಿದ್ದರು. ಹಿಡಿದು ನಿಂತೆ. ಸುಮಾರು ಹೊತ್ತಾದ ಮೇಲೆ ಹನಿ ತೆಗೆದು ಅಯೋಡಿನ್ ಹಾಕಿದರೆ ನೀಲಿ ಮಾಯವಾಗಿತ್ತು. ‘ಕುದಿಸಿದ್ದು ಕೆಟ್ಟಿತ್ತು. ಇದು ಕೆಟ್ಟಿದ್ದಿಲ್ಲವಾ, ಮಲಗಿತ್ತು’ ಎಂದು ನಕ್ಕಿದ್ದರು.

ಮುಂದೆ ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮಾಡಿ ಈಗ ಬಾಗಲಕೋಟೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿದ್ದೇನೆ. ಯಕೃತ್ತಿನ ಎಎಲ್‌ಟಿ ಕಿಣ್ವವನ್ನು ಅಳೆಯುವಾಗ ಹೊರಗೆ 40 ಡಿಗ್ರಿ ಇದ್ದರೂ ಯಂತ್ರದೊಳಗೆ 37 ಇರಲೇಬೇಕು. ಇಲ್ಲದಿದ್ದರೆ ರೋಗಿಯ ಅಂಕಿಯೇ ಬದಲಾಗುತ್ತದೆ.

ಕೆಲವೊಮ್ಮೆ ಊಹಿಸದ ಅಂಕಿ ಬರುತ್ತದೆ. ಪಕ್ಕದಲ್ಲಿ ರೋಗಿಯ ಮಗನೋ ಮಗಳೋ ಕಾಯುತ್ತಿರುತ್ತಾರೆ, ‘ಜಲ್ದಿ ಕೊಡ್ರಿ ಮೇಡಂ’ ಎನ್ನುತ್ತಾರೆ. ನಾನು ಮತ್ತೊಮ್ಮೆ ಪರೀಕ್ಷೆ ಹಚ್ಚುತ್ತೇನೆ. ಯಂತ್ರದ ಉಷ್ಣಾಂಶ ನೋಡುತ್ತೇನೆ. ಆಮೇಲೆ, ಬರಬೇಕಿತ್ತು ಅನಿಸಿದ್ದನ್ನಲ್ಲ, ಬಂದದ್ದನ್ನೇ ಬರೆಯುತ್ತೇನೆ.