ಉರಿಯೂತದ ಕಿಣ್ವ ಮತ್ತು ಕರುಳಿನ ಗಡ್ಡೆ

ಪೆಟ್ಟು ಬಿದ್ದಾಗ ಅಥವಾ ಸೋಂಕು ತಗುಲಿದಾಗ ಆ ಭಾಗದಲ್ಲಿ ಕೆಂಪು, ಬಿಸಿ, ಬಾವು, ನೋವು ಕಾಣಿಸಿಕೊಳ್ಳುತ್ತವೆ. ಇದೇ ಉರಿಯೂತ, ಆಯುರ್ವೇದದಲ್ಲಿ ಶೋಥವೆನ್ನುತ್ತೇವೆ. ಇದು ಮೂಲತಃ ದೇಹದ ರಕ್ಷಣಾಕಾರ್ಯ. ಆದರೆ ಕೆಲಸ ಮುಗಿದ ಮೇಲೂ ಶಮನವಾಗದೆ ವರ್ಷಗಟ್ಟಲೆ ಉಳಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ದೀರ್ಘಕಾಲ ಅಲ್ಸರೇಟಿವ್ ಕೊಲೈಟಿಸ್‌ನಿಂದ ಬಳಲುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಹೆಚ್ಚುವುದು ಇದಕ್ಕೆ ನಿದರ್ಶನ.

ಉರಿಯೂತವನ್ನು ನಡೆಸುವ ಕಿಣ್ವಗಳಲ್ಲಿ ಸೈಕ್ಲೊಆಕ್ಸಿಜನೇಸ್, ಅಂದರೆ 'ಕಾಕ್ಸ್', ಪ್ರಮುಖವಾದುದು. ಇದು ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ಉತ್ಪಾದಿಸುತ್ತದೆ. ಇದರಲ್ಲಿ ಎರಡು ಬಗೆ. ಕಾಕ್ಸ್-1 ಸದಾಕಾಲ ಇದ್ದು ಜಠರದ ಒಳಪದರವನ್ನು ಕಾಯುತ್ತದೆ. ಕಾಕ್ಸ್-2 ಸಾಮಾನ್ಯವಾಗಿ ಉರಿಯೂತವಾದಾಗ ಹೆಚ್ಚುತ್ತದೆ. 1994ರಲ್ಲಿ ಅಮೆರಿಕದ ಸಂಶೋಧಕರು ತಾವು ಪರೀಕ್ಷಿಸಿದ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳ ಪೈಕಿ ಸುಮಾರು ಶೇ. 85ರಲ್ಲಿ ಕಾಕ್ಸ್-2 ಅಧಿಕವಾಗಿರುವುದನ್ನು ಕಂಡರು. ಇದರಿಂದ ಹುಟ್ಟುವ ಪ್ರೋಸ್ಟಗ್ಲಾಂಡಿನ್ ಇ-2 ಮೂರು ಕೆಲಸ ಮಾಡುತ್ತದೆ: ಕೋಶಗಳನ್ನು ವೃದ್ಧಿಸುತ್ತದೆ, ಸಾಯಬೇಕಾದ ಕೋಶಗಳನ್ನು ಉಳಿಸುತ್ತದೆ, ಗಡ್ಡೆಗೆ ಹೊಸ ರಕ್ತನಾಳಗಳನ್ನು ಒದಗಿಸುತ್ತದೆ.

ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ಉತ್ಪಾದನೆಯನ್ನು ತಡೆಯುತ್ತದೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು; 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್ ಉಳ್ಳವರು ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ನನ್ನು ಎರಡು ವರ್ಷ ಸೇವಿಸಿದಾಗ, ಮುಂದಿನ ವರ್ಷಗಳಲ್ಲಿ ಅವರಲ್ಲಿ ಈ ಕ್ಯಾನ್ಸರ್ ಕಡಿಮೆಯಾದುದು 2011ರಲ್ಲಿ ಪ್ರಕಟವಾಯಿತು. ಹಾಗೆಂದು ಯಾರೂ ತಾವಾಗಿಯೇ ಆಸ್ಪಿರಿನ್ ಸೇವಿಸಬಾರದು. ಅದು ಕಾಕ್ಸ್-1ನ್ನೂ ತಡೆಯುವುದರಿಂದ ಜಠರದಲ್ಲಿ ರಕ್ತಸ್ರಾವವಾಗಬಹುದು. ಕಾಕ್ಸ್-2ನ್ನು ಮಾತ್ರ ತಡೆಯುವ ಔಷಧಗಳಿಂದ ಹೃದಯಾಘಾತದ ಅಪಾಯ ಹೆಚ್ಚಿದುದೂ ಕಂಡುಬಂದಿದೆ.

ಅರಿಶಿನ ಸಾಲದೇ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಕಾಕ್ಸ್-2ನ್ನು ಹತ್ತಿಕ್ಕುವುದು ನಿಜ. ಆದರೆ ಸೇವಿಸಿದಾಗ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಆಹಾರದಲ್ಲಿ ಅದು ಹಿತಕರ, ಗಡ್ಡೆಗೆ ಚಿಕಿತ್ಸೆಯಲ್ಲ.

ನಾವು ಒತ್ತಿ ಹೇಳಬೇಕಾದುದು ಒಂದಿದೆ. ಮಲದಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ಭಾವಿಸಿ, ಸಂಕೋಚದಿಂದ ತಿಂಗಳುಗಟ್ಟಲೆ ಮನೆಮದ್ದು ಮಾಡುವವರು ಬಹಳ. ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ಕಾರಣವಿಲ್ಲದ ರಕ್ತಹೀನತೆ, ತೂಕದ ಇಳಿಕೆ ಇವೂ ಎಚ್ಚರಿಕೆಯ ಲಕ್ಷಣಗಳೇ. ಕರುಳಿನ ಒಳಗೋಡೆಯ ಸಣ್ಣ ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಅಷ್ಟರೊಳಗೆ ಕೊಲೊನೊಸ್ಕೋಪಿಯಲ್ಲಿ ಕಂಡರೆ ಅಲ್ಲಿಯೇ ಅದನ್ನು ತೆಗೆದುಹಾಕಬಹುದು. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ, ಲಕ್ಷಣಗಳಿಲ್ಲದಿದ್ದರೂ ನಲವತ್ತರ ವಯಸ್ಸಿಗೆ ಮುನ್ನವೇ ವೈದ್ಯರ ಸಲಹೆ ಪಡೆಯಿರಿ. ಔಷಧ ಯಾವ ಪದ್ಧತಿಯದೇ ಆಗಲಿ, ರೋಗನಿರ್ಣಯ ಮೊದಲಾಗಬೇಕು.