ಕೀಲಿಮಣೆಯು ಮೌನ ವಹಿಸಿದಾಗ

ಹಟ್ಟಿಯ ಹಸು ಮೇವು ಬಿಟ್ಟರೆ, ತೋಟದ ಪಂಪು ನೀರೆತ್ತದೆ ನಿಂತರೆ, ನಮ್ಮ ಪುತ್ತೂರು, ಸುಳ್ಯ, ಕಡಬಗಳ ಕಡೆಯ ಗೃಹಸ್ಥನು ಒಡನೆಯೇ ಪರರ ಮನೆಗೆ ಓಡುವುದಿಲ್ಲ. ಮೊದಲು ತಾನೇ ಒಂದು ಸಾರಿ ನೋಡುವನು. ಕೈಗೆ ಎಟುಕುವಷ್ಟನ್ನು ಮಾಡುವನು. ತನ್ನನ್ನು ಮೀರಿದುದೆಂದು ಕಂಡ ಮೇಲೆಯೇ ಬಲ್ಲವರನ್ನು ಕರೆಯುವನು. ಆದರೆ ಲ್ಯಾಪ್‌ಟಾಪಿನ ಕೀಲಿಮಣೆಯು ಒತ್ತಿದರೂ ಅಕ್ಷರ ಮೂಡಿಸದೆ ಮೌನ ವಹಿಸಿತೆಂದರೆ ಅದೇ ಗೃಹಸ್ಥನ ಧೈರ್ಯವು ಉಡುಗಿಹೋಗುವುದು. ಯಂತ್ರವು ಕೆಟ್ಟಿತು, ಇನ್ನು ಹೊಸದೇ ಗತಿ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಡುವರು. ಈ ತೀರ್ಮಾನವು ಎಷ್ಟೋ ಸಲ ಅವಸರದ್ದಾಗಿರುವುದೆಂಬುದನ್ನು ಸ್ವಾನುಭವದಿಂದ ಅರಿತವನಾದುದರಿಂದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಳೆದ ಆಟಿ ತಿಂಗಳಿನ ಒಂದು ಸಂಜೆ. ಕಡಬ ತಾಲೂಕಿನ ನಮ್ಮ ಮನೆಗೆ ತಂಗಿಯ ಮಗಳು ಬಂದಿದ್ದಳು. ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಅವಳು ಅಂತರ್ಜಾಲದ ಮೂಲಕ ಕಳುಹಬೇಕಾಗಿತ್ತು. ಅಂದು ನಡುರಾತ್ರಿಗೇ ಗಡುವು. ಅರ್ಜಿಯನ್ನು ಅರ್ಧ ತುಂಬುವಷ್ಟರಲ್ಲಿ ಕೀಲಿಮಣೆಯು ನಿಂತಿತು. "ಮಾವಾ, ಒಂದಕ್ಷರವೂ ಬೀಳುವುದಿಲ್ಲ," ಎಂದು ಕೂಗಿದಾಗ ಅವಳ ಕಣ್ಣಲ್ಲಿ ನೀರಿತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು. ಪುತ್ತೂರಿಗೆ ಹೋಗುವ ಬಸ್ಸು ತಪ್ಪಿಹೋಗಿತ್ತು. ಹೋದರೂ ರಿಪೇರಿಯ ಅಂಗಡಿಗಳು ಆ ಹೊತ್ತಿಗೆ ತೆರೆದಿರುವಂತಿರಲಿಲ್ಲ.

ನನಗೆ ಒಳಗೊಳಗೆ ಭಯವೇ ಆಯಿತು. ಏಕೆಂದರೆ ಎರಡು ವರ್ಷಗಳ ಹಿಂದೆ ನಾನೊಂದು ದೊಡ್ಡ ತಪ್ಪನ್ನು ಮಾಡಿದ್ದೆನು. ಕಾಫಿ ಚೆಲ್ಲಿದ ಹಳೆಯ ಲ್ಯಾಪ್‌ಟಾಪನ್ನು, ಅಡಿಕೆ ಒಣಗಿಸಿ ಬಲ್ಲ ಕೈಯೆಂಬ ಜಂಬದಿಂದ, ಬಚ್ಚಲೊಲೆಯ ಬಳಿ ಬಿಸಿಗೆ ಇಟ್ಟು, ಅರ್ಧ ಗಂಟೆಯಲ್ಲಿಯೇ ವಿದ್ಯುತ್ತು ಕೊಟ್ಟು ನೋಡಿದೆನು. ಅದು ಮತ್ತೆ ಏಳಲಿಲ್ಲ. ನಮ್ಮ ತಂದೆಯವರ ಕೊನೆಯ ವರ್ಷದ ಚಿತ್ರಗಳು ಅದರಲ್ಲಿದ್ದುವು. ಅವುಗಳಿಗೆ ಬೇರೆ ಪ್ರತಿಯಿರಲಿಲ್ಲ. ಆ ದಿನ ಕಲಿತ ಪಾಠವಿಷ್ಟೇ: ಪರೀಕ್ಷೆ ಮೊದಲು, ಚಿಕಿತ್ಸೆ ಅನಂತರ, ಹಾನಿಯಿಲ್ಲದ ಉಪಾಯ ಮೊದಲು, ಅಪಾಯದ್ದು ಕಡೆಗೆ.

ಯಂತ್ರದ ಒಳಗುಟ್ಟು

ಪರೀಕ್ಷೆ ಮಾಡುವವನಿಗೆ ಕೀಲಿಮಣೆಯ ರಚನೆಯು ಸ್ವಲ್ಪ ತಿಳಿದಿರಬೇಕು. ನಾವು ಒತ್ತುವ ಪ್ರತಿಯೊಂದು ಕೀಲಿಯ ಅಡಿಯಲ್ಲಿ ಕತ್ತರಿಯಂತೆ ಮಡಚಿಕೊಳ್ಳುವ ಪ್ಲಾಸ್ಟಿಕ್ಕಿನ ತುಂಡೊಂದಿದೆ. ಅದರ ನಡುವೆ ಬೋರಲು ಹಾಕಿದ ಬಟ್ಟಲಿನಂತಹ ಸಣ್ಣ ರಬ್ಬರಿದೆ. ಇದರ ಕೆಳಗೆ ಸಾಮಾನ್ಯವಾಗಿ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ತು ಹರಿಯುವ ಗೆರೆಗಳಿವೆ. ನಡುವಿನ ಹಾಳೆಯಲ್ಲಿ ತೂತುಗಳಿವೆ. ಕೀಲಿಯನ್ನೊತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆಯು ಕೆಳಗಿನದನ್ನು ಮುಟ್ಟುವುದು.

ಈ ಗೆರೆಗಳು ಅಡಿಕೆ ತೋಟದ ಸಾಲುಗಳಂತೆ ಅಡ್ಡಕ್ಕೂ ಉದ್ದಕ್ಕೂ ಹಬ್ಬಿವೆ. ಯಾವ ಅಡ್ಡ ಸಾಲು ಯಾವ ಉದ್ದ ಸಾಲನ್ನು ಕೂಡಿತೆಂಬುದನ್ನು ಒಳಗಿರುವ ನಿಯಂತ್ರಕವು ನೋಡಿ, ಇಂತಹ ಕೀಲಿಯೆಂದು ಗುರುತಿಸುವುದು. ಹಾಳೆಗಳಿಂದ ಆ ನಿಯಂತ್ರಕಕ್ಕೆ ಸುದ್ದಿಯನ್ನು ಒಯ್ಯುವುದು ರಿಬ್ಬನ್ನಿನಂತಹ ಚಪ್ಪಟೆ ತಂತಿ. ಅಲ್ಲಿಂದ ಮುಂದಿನ ಕೆಲಸ ವಿಂಡೋಸ್ ಮೊದಲಾದ ತಂತ್ರಾಂಶದ್ದು.

ಇಷ್ಟು ತಿಳಿದರೆ ರೋಗಲಕ್ಷಣವನ್ನು ಓದಬಹುದು. ಒಂದೇ ಕೀಲಿ ಕೆಲಸ ಮಾಡದಿದ್ದರೆ ಅದರಡಿಯಲ್ಲಿ ಕಸವೋ ರಬ್ಬರಿನ ದೋಷವೋ ಇರುವ ಸಂಭವವೇ ಹೆಚ್ಚು. ನಾಲ್ಕೈದು ಕೀಲಿಗಳು ಒಟ್ಟಿಗೇ ಕೆಟ್ಟರೆ ಅವುಗಳಿಗೆ ಸೇರಿದ ಗೆರೆಯು ತುಂಡಾಗಿರಬಹುದು, ಇಲ್ಲವೇ ತೇವವು ಸೇರಿರಬಹುದು. ಇಡಿಯ ಕೀಲಿಮಣೆಯೇ ನಿಂತರೆ ರಿಬ್ಬನ್ ತಂತಿಯನ್ನಾಗಲಿ ತಂತ್ರಾಂಶವನ್ನಾಗಲಿ ಸಂಶಯಿಸಬೇಕು.

ಪರೀಕ್ಷೆಯ ಕ್ರಮ

ಇಲ್ಲಿ ಹೇಳುವುದು ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿರುವ ವಿಂಡೋಸ್ ಲ್ಯಾಪ್‌ಟಾಪಿನ ಕ್ರಮ. ಮೊದಲನೆಯದಾಗಿ, ಯಾವುದಾದರೊಂದು ಅಕ್ಷರದ ಕೀಲಿಯನ್ನು ಒತ್ತಿ ಎರಡು ಸೆಕೆಂಡು ಹಾಗೆಯೇ ಹಿಡಿಯಿರಿ. ನಾನು ಅಂದು ಮಾಡಿದುದು ಇದನ್ನೇ. ಥಟ್ಟನೆ ಒತ್ತಿದಾಗ ಬಾರದ ಅಕ್ಷರವು ಹಿಡಿದು ನಿಂತಾಗ ಪರದೆಯ ಮೇಲೆ ಮೂಡಿತು! ಯಂತ್ರವು ಕೆಟ್ಟಿರಲಿಲ್ಲ, ಕ್ಷಣಿಕವಾದ ಒತ್ತನ್ನು ಲೆಕ್ಕಿಸಬಾರದೆಂಬ ಆಜ್ಞೆಯನ್ನು ಪಾಲಿಸುತ್ತಿತ್ತು, ಅಷ್ಟೆ.

ಬೆರಳು ನಡುಗುವವರ ಅನುಕೂಲಕ್ಕಾಗಿ ವಿಂಡೋಸಿನಲ್ಲಿ ಫಿಲ್ಟರ್ ಕೀಸ್ ಎಂಬ ಏರ್ಪಾಡಿದೆ. ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ, ಇದನ್ನು ಆರಂಭಿಸಲೇ ಎಂದು ಯಂತ್ರವು ಕೇಳುವುದು. ಹುಡುಗಿಯು ಯೋಚನೆಯಲ್ಲಿ ಮುಳುಗಿ ಬೆರಳನ್ನು ಆ ಕೀಲಿಯ ಮೇಲೆಯೇ ಇಟ್ಟಿದ್ದಳು; ಎದುರಿಗೆ ಬಂದ ಪ್ರಶ್ನೆಯನ್ನು ಓದದೆಯೇ 'ಹೌದು' ಎಂದಿದ್ದಳು. ಅದೇ ಕೀಲಿಯನ್ನು ಮತ್ತೆ 8 ಸೆಕೆಂಡು ಹಿಡಿದೊಡನೆ ಎಲ್ಲವೂ ಮೊದಲಿನಂತಾಯಿತು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿಯೂ ಇದನ್ನು ನಿಲ್ಲಿಸಬಹುದು.

ಎರಡನೆಯದಾಗಿ, ಅಕ್ಷರ ಬೀಳುವುದು, ಆದರೆ ಬೇರೆ ಅಕ್ಷರ ಬೀಳುವುದು ಎಂದಾದರೆ ಭಾಷೆಯ ವಿನ್ಯಾಸ ಬದಲಾಗಿರಬಹುದು. ಇಂಗ್ಲಿಷ್ ಅಕ್ಷರವಿರುವ ಕೀಲಿಗಳಿಂದಲೇ ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಮೂಡಿಸುವ ವಿನ್ಯಾಸವನ್ನು ರೂಪಿಸಿದವರು ನಮ್ಮ ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರೆಂಬುದು ಅಭಿಮಾನದ ಸಂಗತಿ. ಒಂದೇ ಮಣೆಯಲ್ಲಿ ಎರಡು ಭಾಷೆಗಳಿರುವಲ್ಲಿ ಗೊಂದಲವೂ ಸಹಜವೇ. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಭಾಷೆಯು ಬದಲಾಗುವುದು. ಪರದೆಯ ಬಲಕೆಳಗಿನ ಮೂಲೆಯಲ್ಲಿಯೂ ಬದಲಿಸಬಹುದು.

ಮೂರನೆಯದಾಗಿ, ಬರೆದುದನ್ನು ಉಳಿಸಿಕೊಂಡು ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿದರೆ ಸಾಲದೇ ಎಂದು ಕೇಳಬಹುದು. ಬೇಗನೆ ಏಳುವ ಸಲುವಾಗಿ ವಿಂಡೋಸ್ ತನ್ನ ಸ್ಥಿತಿಯ ಒಂದು ಭಾಗವನ್ನು ಶಟ್‌ಡೌನಿನಲ್ಲಿ ಜೋಪಾನ ಮಾಡಿಡುವುದುಂಟು. ದೋಷವೂ ಅದರೊಡನೆ ಉಳಿಯಬಹುದು. ರೀಸ್ಟಾರ್ಟಿನಲ್ಲಿ ಹಾಗಾಗದು. ಗುಣ ಕಾಣದಿದ್ದರೆ ಯಂತ್ರವನ್ನು ಆರಿಸಿ, ಚಾರ್ಜರನ್ನು ತೆಗೆದು, ಪವರ್ ಗುಂಡಿಯನ್ನು 15 ಸೆಕೆಂಡಿನಷ್ಟು ಹಿಡಿದು ಬಿಟ್ಟು, ಬಳಿಕ ಹೊತ್ತಿಸಿ.

ನಾಲ್ಕನೆಯದು ನಿರ್ಣಾಯಕವಾದ ಪರೀಕ್ಷೆ. ಯಂತ್ರವು ಏಳುವಾಗ, ವಿಂಡೋಸ್ ಬರುವ ಮೊದಲೇ, ಅದರ ತಯಾರಿಕೆಗೆ ತಕ್ಕಂತೆ ಎಫ್2, ಎಫ್10, ಎಸ್ಕೇಪ್ ಅಥವಾ ಡಿಲೀಟ್ ಕೀಲಿಯನ್ನು ಮೇಲಿಂದ ಮೇಲೆ ಒತ್ತಿದರೆ ಬಯಾಸ್ ಎಂಬ ಮೂಲ ವ್ಯವಸ್ಥೆಯ ಪುಟವು ತೆರೆಯುವುದು. ಅಲ್ಲಿ ಬಾಣದ ಕೀಲಿಗಳು ನಡೆದರೆ ಯಂತ್ರಭಾಗವು ಬಹುಮಟ್ಟಿಗೆ ಸರಿಯಾಗಿಯೇ ಇದೆ, ದೋಷವು ವಿಂಡೋಸಿನಲ್ಲಿದೆ ಎಂದು ತಿಳಿಯಬೇಕು. ಎಷ್ಟು ಸಲ ಯತ್ನಿಸಿದರೂ ಅಲ್ಲಿಯೂ ಮೌನವೇ ಆದರೆ ದೋಷವು ಯಂತ್ರದ ಒಳಗಿರುವ ಸಂಭವವೇ ಹೆಚ್ಚು. ಆ ಪುಟದಲ್ಲಿ ಏನನ್ನೂ ಬದಲಿಸದೆ ಹೊರಬರತಕ್ಕದ್ದು.

ದೋಷವು ವಿಂಡೋಸಿನದೆಂದು ಕಂಡರೆ, ಸ್ಟಾರ್ಟ್ ಗುರುತಿನ ಮೇಲೆ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೀಬೋರ್ಡ್ಸ್ ಎಂಬಲ್ಲಿರುವ ಹೆಸರನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ, ಅದಕ್ಕೆ ಬೇಕಾದ ತಂತ್ರಾಂಶವನ್ನು ವಿಂಡೋಸ್ ತಾನೇ ಮತ್ತೆ ಜೋಡಿಸಿಕೊಳ್ಳುವುದು. ಪಾಸ್‌ವರ್ಡು ಬರೆಯಲಾಗದೆ ಹೊಸ್ತಿಲಲ್ಲಿಯೇ ನಿಂತವರು ಗಾಬರಿಪಡಬೇಕಾಗಿಲ್ಲ. ಆ ಪುಟದ ಬಲಕೆಳಗಿನ ಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆಯಲ್ಲಿ ಪರದೆಯ ಮೇಲೆಯೇ ಮೂಡುವ ಕೀಲಿಮಣೆಯಿದೆ. ಮೌಸಿನಿಂದ ಒಂದೊಂದೇ ಅಕ್ಷರವನ್ನು ಒತ್ತಬಹುದು. ಕೆಲವು ನೂರು ರೂಪಾಯಿಗೆ ದೊರೆಯುವ ಯುಎಸ್‌ಬಿ ಕೀಲಿಮಣೆಯನ್ನು ಚುಚ್ಚಿಯೂ ಆ ದಿನದ ಕೆಲಸವನ್ನು ನಡೆಸಬಹುದು.

ಶುಚಿ ಮಾಡುವ ಬಗೆ

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡು ನಮ್ಮದು. ಮಳೆಗಾಲದಲ್ಲಿ ಗೋಡೆಯೂ ಬೆವರುವುದು, ಪುಸ್ತಕಕ್ಕೂ ಬೂಷ್ಟು ಹಿಡಿಯುವುದು. ಚಹಾದೊಡನೆ ತಿಂದ ತಿಂಡಿಯ ಹುಡಿ ಕೀಲಿಗಳ ಸಂದಿಗೆ ಬಿದ್ದರೆ ಇರುವೆಗಳಿಗೆ ಆಮಂತ್ರಣವಿತ್ತಂತೆಯೇ ಸರಿ. ಆದುದರಿಂದ ಶುಚಿತ್ವವೇ ಅರ್ಧ ಚಿಕಿತ್ಸೆ.

ಯಂತ್ರವನ್ನು ಆರಿಸಿ, ಚಾರ್ಜರನ್ನು ತೆಗೆದು, ಕೀಲಿಮಣೆಯು ಕೆಳಮುಖವಾಗುವಂತೆ ಹಿಡಿದು ಮೆಲ್ಲನೆ ತಟ್ಟಬೇಕು. ಮೆದುವಾದ ಕುಂಚದಿಂದ ಸಂದಿಗಳನ್ನು ಗುಡಿಸಬೇಕು. ಕ್ಯಾಮೆರಾದವರು ಬಳಸುವ ರಬ್ಬರು ಬುರುಡೆಯಿಂದ ಗಾಳಿಯೂದಬಹುದು. ಬಾಯಿಂದ ಊದಲಾಗದು, ಉಸಿರಿನಲ್ಲಿ ತೇವವಿದೆ. ಅಂಟಿಕೊಂಡ ಕೀಲಿಯ ಸುತ್ತ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ಅದ್ದಿದ ಹತ್ತಿಯ ಕಡ್ಡಿಯನ್ನಾಡಿಸಿ, ಪೂರ್ತಿ ಆರಲು ಬಿಡಬೇಕು. ಕೈಗೆ ಹಚ್ಚುವ ಸ್ಯಾನಿಟೈಸರು ಈ ಕೆಲಸಕ್ಕೆ ಬಾರದು. ಅದರಲ್ಲಿರುವ ಗ್ಲಿಸರಿನು ಮೊದಲಾದುವು ಮತ್ತಷ್ಟು ಅಂಟುವುವು. ಕೀಲಿಯನ್ನು ಕಿತ್ತು ನೋಡುವ ಆಸೆಯನ್ನು ತಡೆದುಕೊಳ್ಳುವುದು ಒಳ್ಳೆಯದು. ಕತ್ತರಿಯ ತುಂಡು ಬಹಳ ನಾಜೂಕಾದುದು. ಸ್ಪೇಸ್, ಎಂಟರ್‌ಗಳಂತಹ ದೊಡ್ಡ ಕೀಲಿಗಳ ಅಡಿಯಲ್ಲಿ ಲೋಹದ ಸಣ್ಣ ಸರಳೂ ಇರುವುದುಂಟು.

ದ್ರವವು ಚೆಲ್ಲಿದಾಗ

ಇಲ್ಲಿ ಮಾತ್ರ ಕ್ಷಣವೂ ತಡಮಾಡಬಾರದು. ಕೈ ಒಣಗಿದ್ದರೆ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ ಚಾರ್ಜರನ್ನು ಕೀಳಿರಿ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸಿರಿ. ಬ್ಯಾಟರಿಯು ಹೊರಗಿನಿಂದ ತೆಗೆಯಲು ಬರುವಂತಹದಾದರೆ ತೆಗೆಯಿರಿ. ಕೀಲಿಮಣೆಯು ಕೆಳಗಾಗುವಂತೆ, ಗುಡಾರದ ಆಕಾರದಲ್ಲಿ ಒಣ ಬಟ್ಟೆಯ ಮೇಲೆ ನಿಲ್ಲಿಸಿ, ಫ್ಯಾನಿನ ಗಾಳಿಗೆ ಬಿಡಿರಿ. ಎರಡು ದಿನವಾದರೂ ಹೊತ್ತಿಸಬೇಡಿರಿ. ಮಳೆಗಾಲದಲ್ಲಿ ಇನ್ನೂ ಒಂದು ದಿನ ಹೆಚ್ಚೇ ಇರಲಿ. ಬಚ್ಚಲೊಲೆ, ಕೂದಲು ಒಣಗಿಸುವ ಯಂತ್ರ, ಬಿಸಿಲಿನ ಅಂಗಳ ಇವು ಯಾವುವೂ ಸಲ್ಲವು. ಅಕ್ಕಿಯ ಡಬ್ಬದಲ್ಲಿ ಹೂಳುವುದರಿಂದ ಹುಡಿ ಒಳಸೇರುವುದೇ ಹೊರತು ಲಾಭವಿಲ್ಲ. ಚೆಲ್ಲಿದುದು ಸಕ್ಕರೆ ಹಾಕಿದ ಕಾಫಿ, ಚಹಾಗಳಾದರೆ ನೀರು ಆರಿದರೂ ಅಂಟು ಉಳಿಯುವುದು. ಆಗ ಹೊತ್ತಿಸಿ ನೋಡದೆ ನೇರವಾಗಿ ಬಲ್ಲವರ ಬಳಿ ಒಯ್ಯುವುದೇ ವಿವೇಕ.

ಎಲ್ಲಿ ನಿಲ್ಲಬೇಕು

ಮೌಸ್‌ಪಟ್ಟಿ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂಡದಿದ್ದರೆ, ಕೀಲಿಗಳು ಕೆಳಗಿನಿಂದ ಯಾರೋ ನೂಕಿದಂತೆ ಮೇಲೆದ್ದಿದ್ದರೆ, ಒಳಗಿನ ಬ್ಯಾಟರಿಯು ಊದಿಕೊಂಡಿದೆಯೆಂದು ಶಂಕಿಸಬೇಕು. ಅಂತಹುದನ್ನು ಚಾರ್ಜು ಮಾಡಲೂ ಕೂಡದು, ಒತ್ತಲೂ ಕೂಡದು, ಚುಚ್ಚಲಂತೂ ಸರ್ವಥಾ ಕೂಡದು, ಬೆಂಕಿಯ ಅಪಾಯವಿದೆ. ಒಳಗಿನ ರಿಬ್ಬನ್ ತಂತಿಯ ಕೆಲಸವೂ ನುರಿತ ಕೈಗೇ ಸೇರಿದುದು. ಈಚಿನ ಎಷ್ಟೋ ಯಂತ್ರಗಳಲ್ಲಿ ಕೀಲಿಮಣೆಯನ್ನು ಮೇಲ್ಹೊದಿಕೆಗೆ ಬೆಸೆದೇ ಬಿಟ್ಟಿರುವುದರಿಂದ ಬಿಚ್ಚಿದವನಿಗೆ ಕೂಡಿಸಲು ಬಾರದು.

ಅಂಗಡಿಗೆ ಕೊಡುವ ಮೊದಲು ಮುಖ್ಯವಾದ ಕಡತ, ಚಿತ್ರಗಳ ಪ್ರತಿಯನ್ನು ಬೇರೆಡೆ ಮಾಡಿಕೊಳ್ಳಿರಿ. ತಗಲುವ ವೆಚ್ಚವನ್ನು ಮೊದಲೇ ಕೇಳಿ ತಿಳಿಯಿರಿ. ದುರಸ್ತಿಯ ಹಕ್ಕಿನ ಸಲುವಾಗಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ಜಾಲತಾಣವೊಂದನ್ನು ತೆರೆದು, ತಯಾರಕರ ದುರಸ್ತಿ ಕೇಂದ್ರಗಳ ಮಾಹಿತಿಯು ಗ್ರಾಹಕರಿಗೆ ಒಂದೇ ಕಡೆ ದೊರೆಯುವಂತೆ ಏರ್ಪಡಿಸಿದೆ. ತೀರ ಕೆಟ್ಟುಹೋದ ಬ್ಯಾಟರಿ, ಯಂತ್ರಗಳನ್ನು ತೋಟದ ಗುಂಡಿಗೆ ಹಾಕಬಾರದು. ಅದರ ವಿಷವು ನಮ್ಮ ಬಾವಿಯ ನೀರಿಗೇ ಇಳಿಯಬಹುದು.

ಅಂದು ರಾತ್ರಿ ಹನ್ನೊಂದು ಗಂಟೆಗೆ ಹುಡುಗಿಯ ಅರ್ಜಿಯು ಹೋಯಿತು. ದುರಸ್ತಿಗೆ ತಗಲಿದ ಖರ್ಚು ಏನೂ ಇಲ್ಲ. ಬೇಕಾದುದು ಎಂಟು ಸೆಕೆಂಡಿನ ತಾಳ್ಮೆ. ತಂದೆಯವರ ಚಿತ್ರಗಳ ವಿಷಯದಲ್ಲಿ ಆ ತಾಳ್ಮೆಯು ನನಗಿರಲಿಲ್ಲವಲ್ಲಾ ಎಂಬ ಕೊರಗು ಮಾತ್ರ ಇನ್ನೂ ಹೋಗಿಲ್ಲ. ಈಗ ಮನೆಯ ಎಲ್ಲ ಚಿತ್ರಗಳಿಗೂ ಎರಡೆರಡು ಪ್ರತಿಗಳಿವೆ. ಕಾಫಿಯ ಲೋಟಕ್ಕೆ ಲ್ಯಾಪ್‌ಟಾಪಿನ ಮೇಜಿನ ಮೇಲೆ ಸ್ಥಳವಿಲ್ಲ. ವಾಚಕರೂ ಇವೆರಡನ್ನು ಇಂದೇ ಮಾಡಿಕೊಂಡರೆ ಈ ಲೇಖನವನ್ನು ಬರೆದುದು ಸಾರ್ಥಕವಾಯಿತೆಂದು ತಿಳಿಯುವೆನು.