ಊರ ಹೊರಗೊಂದು ಪ್ಲಾಟು, ಊರೊಳಗೊಂದು ಕಾಲೇಜು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೆಲವು ದಿನಗಳಾದರೆ ಸಾಕು, ದೇವದುರ್ಗದ ಬಸ್ ನಿಲ್ದಾಣದಲ್ಲಿ ಟ್ರಂಕು, ಹಾಸಿಗೆ ಸುರುಳಿ, ಬುತ್ತಿ ಗಂಟು ಹಿಡಿದ ಕುಟುಂಬಗಳು ಕಾಣತೊಡಗುತ್ತವೆ. ಮಾನ್ವಿಯಲ್ಲೂ ಇದೇ ದೃಶ್ಯ. ಮಗನನ್ನೋ ಮಗಳನ್ನೋ ರಾಯಚೂರಿನ ಕಾಲೇಜಿಗೆ ಸೇರಿಸುವ ಸಡಗರ, ಜೊತೆಗೇ ಒಂದು ಅಳುಕು. ಎಲ್ಲಿ ಇರಿಸುವುದು? ಹಾಸ್ಟೆಲ್ಲೋ, ಬಾಡಿಗೆ ಕೋಣೆಯೋ, ಅಥವಾ ಮನೆಮಂದಿಯೆಲ್ಲ ರಾಯಚೂರಿಗೇ ಬಂದುಬಿಡುವುದೋ?

ಈ ಅಳುಕಿನ ಹೊತ್ತಿಗೆ ಸರಿಯಾಗಿ ಎದುರಾಗುತ್ತದೆ ಒಂದು ಬಣ್ಣದ ಕರಪತ್ರ. ಅದರ ತುಂಬ ಹಸಿರು ಉದ್ಯಾನ, ಅಗಲವಾದ ರಸ್ತೆ, ಸಾಲು ದೀಪ. ಪಕ್ಕದಲ್ಲಿ ನಿಂತ ದಲ್ಲಾಳಿಯ ಮಾತು: "ಬಾಡಿಗಿ ಕಟ್ಟಿ ಯಾಕ ರೊಕ್ಕ ಹಾಳ ಮಾಡ್ತೀರಿ ಅಣ್ಣಾರ, ಒಂದು ಪ್ಲಾಟ್ ತಗೋರಿ. ಹುಡುಗನ ಓದು ಮುಗಿಯೋದ್ರಾಗ ಡಬಲ್ ಆಗ್ತದ." ಮಾತು ಹಿತವಾಗಿದೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿವೆ. ಒಂದು, ಮಗು ವಾಸವಿದ್ದು ಓದುವ ಜಾಗ. ಇನ್ನೊಂದು, ಹಣ ಹೂಡುವ ಜಾಗ. ಇವೆರಡೂ ಒಂದೇ ಆಗಬೇಕೆಂದಿಲ್ಲ. ಅನೇಕ ಸಲ ಒಂದೇ ಆಗುವುದೂ ಇಲ್ಲ.

ನಗರ ಬೆಳೆದ ದಿಕ್ಕು

ರಾಯಚೂರಿನ ಹಳೆಯ ಬದುಕು ಕೋಟೆ, ತೀನ್ ಕಂದೀಲ್, ಏಕ್ ಮಿನಾರ್ ಸುತ್ತ ಹಬ್ಬಿಕೊಂಡಿತ್ತು. ಈಗ ನಗರ ಹೊರಮುಖವಾಗಿ ಬೆಳೆಯುತ್ತಿದೆ. ಅದಕ್ಕೆ ವಿದ್ಯಾಸಂಸ್ಥೆಗಳೂ ದೊಡ್ಡ ಕಾರಣ. ಸರ್ಕಾರಿ ವೈದ್ಯಕೀಯ ಕಾಲೇಜು 'ರಿಮ್ಸ್' 2007ರಲ್ಲಿ ಬಂತು. ಲಿಂಗಸುಗೂರು ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯ 2008ರಲ್ಲಿ ರೂಪುಗೊಂಡಿತು. ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 2019ರಲ್ಲಿ ಆರಂಭವಾಯಿತು. ಮಂತ್ರಾಲಯ ರಸ್ತೆಯ ಯರಗೇರಾದಲ್ಲಿ ವಿಶ್ವವಿದ್ಯಾಲಯವಿದೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಸರ್ಕಾರಿ ಕಾಲೇಜುಗಳ ಶೇ 70ರಷ್ಟು ಸೀಟು ಸ್ಥಳೀಯ ವಿದ್ಯಾರ್ಥಿಗಳಿಗೇ ಮೀಸಲು. ದೇವದುರ್ಗದ ಹುಡುಗಿಗೆ ರಾಯಚೂರು ಈಗ ಮೊದಲಿಗಿಂತ ಹತ್ತಿರವಾಗಿದೆ.

ಈ ಬೆಳವಣಿಗೆಯ ಬೆನ್ನಿಗೇ ಲೇಔಟುಗಳು ಬಂದವು. ಯರಮರಸ್ ಕಡೆ, ಆಶಾಪುರ ರಸ್ತೆ, ಮಂಚಲಾಪುರ ರಸ್ತೆ, ಲಿಂಗಸುಗೂರು ರಸ್ತೆ, ಎತ್ತ ಹೋದರೂ ನೆಟ್ಟ ಕಲ್ಲುಗಳು ಕಾಣುತ್ತವೆ. ಮುಂದಿನ ಸುದ್ದಿಗಳೂ ಮಾರಾಟಕ್ಕಿವೆ. ಯರಮರಸ್‌ನ ವಿಮಾನ ನಿಲ್ದಾಣ, ಏಮ್ಸ್ ಆಸ್ಪತ್ರೆ ಎರಡೂ ಕರಪತ್ರದಲ್ಲಿ ಆಗಲೇ ಬಂದುಬಿಟ್ಟಿರುತ್ತವೆ. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಹೂಡಿದ್ದು ಅದು ಇಲ್ಲವೆಂಬ ಕಾರಣಕ್ಕೇ ಎಂಬುದನ್ನು ಮರೆಯಬಾರದು. ಬರಲಿರುವುದನ್ನು ನಂಬಿ ಇಂದಿನ ಬೆಲೆ ತೆರುವಾಗ ಎಚ್ಚರ ಬೇಕು.

ಎರಡು ವರ್ಷದ ಲೆಕ್ಕ

ಪಿ.ಯು.ಸಿ. ಎರಡು ವರ್ಷ, ಪದವಿಯಾದರೆ ಮತ್ತೆ ಮೂರು-ನಾಲ್ಕು. ಹೊಸ ಲೇಔಟಿಗೆ ಕುಡಿಯುವ ನೀರು, ಚರಂಡಿ, ಬೀದಿದೀಪ, ಬಸ್ಸು ಎಲ್ಲವೂ ಸರಿಯಾಗಿ ಬರಲು ಅದಕ್ಕಿಂತ ಹೆಚ್ಚು ವರ್ಷ ಹಿಡಿಯಬಹುದು. ಸುತ್ತ ನಾಲ್ಕೇ ಮನೆಗಳಿರುವ ಕಡೆ ಸಂಜೆ ಏಳಕ್ಕೆ ಟ್ಯೂಷನ್ ಮುಗಿಸಿ ಬರುವ ಮಗಳ ದಾರಿ ಹೇಗಿರುತ್ತದೆ? ಪ್ಲಾಟು ನೋಡಲು ಹೋಗುವವರು ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೋಗುತ್ತಾರೆ. ಒಮ್ಮೆ ಸಂಜೆ ಕತ್ತಲಾದ ಮೇಲೆ ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಮಳೆ ಬಿದ್ದ ಮರುದಿನ ಇನ್ನೊಮ್ಮೆ ನೋಡಬೇಕು.

ಹಣದ ಲೆಕ್ಕವೂ ಇರಲಿ. ಉದಾಹರಣೆಗೆ, ಪ್ಲಾಟಿನ ಬೆಲೆ 12 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ಎಲ್ಲ ಕೂಡಿ ಸುಮಾರು 90 ಸಾವಿರ. ಅಲ್ಲಿಗೆ ಕೈಬಿಟ್ಟ ಹಣ 12 ಲಕ್ಷ 90 ಸಾವಿರ. ಇದೇ ಹಣ ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ ಸುಮಾರು 90 ಸಾವಿರ ಬರುತ್ತದೆ. ಕಾಲೇಜಿನ ಹತ್ತಿರ ತಿಂಗಳಿಗೆ 7 ಸಾವಿರದ ಬಾಡಿಗೆ ಮನೆ ಹಿಡಿದರೆ ವರ್ಷಕ್ಕೆ 84 ಸಾವಿರ. ಅಂದರೆ ಬಡ್ಡಿಯೇ ಬಾಡಿಗೆ ಕಟ್ಟಿತು, ಅಸಲು ಉಳಿಯಿತು. ಐದು ವರ್ಷ ಹಾಗೇ ಬಡ್ಡಿ ಕೂಡುತ್ತ ಹೋದರೆ ಆ ಮೊತ್ತ ಸುಮಾರು 18 ಲಕ್ಷವಾಗುತ್ತದೆ. ಹಾಗಾದರೆ ಪ್ಲಾಟು ಲಾಭ ತಂದಿತೆನ್ನಲು ಐದು ವರ್ಷದಲ್ಲಿ ಅದು 18 ಲಕ್ಷಕ್ಕಿಂತ ಹೆಚ್ಚಿಗೆ, ಬೇಕೆಂದಾಗ, ಮಾರಾಟವಾಗಬೇಕು. ಬೆಲೆ ಏರಿದೆ ಎನ್ನುವವರು ಬಹಳ ಸಿಗುತ್ತಾರೆ. ಆ ಬೆಲೆಗೆ ಕೊಳ್ಳುವವರು ಸಿಗುವುದೇ ಕಷ್ಟ.

ಇದರ ಅರ್ಥ ಪ್ಲಾಟು ಕೊಳ್ಳಲೇಬಾರದು ಎಂದಲ್ಲ. ಕೈಯಲ್ಲಿದ್ದ ಸುಗ್ಗಿಯ ಹಣ ನೂರು ದಾರಿಗೆ ಕರಗುತ್ತದೆ, ಭೂಮಿಗೆ ಹಾಕಿದರೆ ಉಳಿಯುತ್ತದೆ ಎಂಬ ಹಿರಿಯರ ಮಾತಿನಲ್ಲಿ ಹುರುಳಿದೆ. ನಾಳೆ ರಾಯಚೂರಿನಲ್ಲೇ ನೆಲೆಸುವ ವಿಚಾರವಿದ್ದವರಿಗೆ ಜಾಗ ಬೇಕೇ ಬೇಕು. ಆದರೆ ನಾರಾಯಣಪುರ ಬಲದಂಡೆಯ ನೀರುಂಡ ಹೊಲ ಮಾರಿ ನಗರದ ಹೊರಗೆ ಬೀಳು ಪ್ಲಾಟು ಕೊಳ್ಳುವವರು ಎರಡು ಸಲ ಯೋಚಿಸಬೇಕು. ಹೊಲ ವರ್ಷ ವರ್ಷ ಹತ್ತಿ, ಭತ್ತ ಕೊಡುತ್ತದೆ. ಮನೆ ಕಟ್ಟುವತನಕ ಪ್ಲಾಟು ಕೊಡುವುದು ತೆರಿಗೆ ಚೀಟಿಯನ್ನಷ್ಟೇ.

ಮಣ್ಣು, ನೀರು ಕೇಳಬೇಕು

ರಾಯಚೂರು ಸುತ್ತಿನ ಅನೇಕ ಲೇಔಟುಗಳು ಹಿಂದೆ ಹತ್ತಿ ಬೆಳೆದ ಎರೆಹೊಲಗಳು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ತೆಳು ಅಡಿಪಾಯ ಹಾಕಿದರೆ ಗೋಡೆಯೂ ಬಿರುಕು ಬಿಡುತ್ತದೆ. ಗಟ್ಟಿ ಪದರದವರೆಗೆ ಅಗೆದು ಮೊರಂ ತುಂಬಿಸಿ ಕಟ್ಟಬೇಕಾದ್ದರಿಂದ ಖರ್ಚು ಏರುತ್ತದೆ. ಮಸಾರಿ ಭೂಮಿಯ ಪ್ಲಾಟು ಒಂದಿಷ್ಟು ತುಟ್ಟಿಯಾದರೂ ಕಟ್ಟುವಾಗ ಅಗ್ಗವಾದೀತು.

ನೀರಿನ ಮಾತಂತೂ ಇನ್ನೂ ದೊಡ್ಡದು. ಕೃಷ್ಣೆ, ತುಂಗಭದ್ರೆಯರ ನಡುವಿನ ಜಿಲ್ಲೆ ಇದು. ಆದರೂ 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ನಗರದ ಒಳಗೇ ಹೀಗಾದರೆ ಹೊರಗಿನ ಬಡಾವಣೆಯ ಕೊಳವೆಬಾವಿಯನ್ನು ಕಣ್ಣುಮುಚ್ಚಿ ನಂಬುವುದೆಂತು? ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕೊಳ್ಳುವ ಮುನ್ನ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡುವುದಕ್ಕೆ ಆಗುವ ಖರ್ಚು ಅತ್ಯಲ್ಪ.

ಕಾಗದದ ಪರೀಕ್ಷೆ

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿ. ಹೊಲವನ್ನು ಮನೆ ಕಟ್ಟಲು ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಆಗಬೇಕು. ಜನರ ಬಾಯಲ್ಲಿ ಇದೇ 'ಎನ್.ಎ.' ಆದರೆ ಎನ್.ಎ. ಒಂದೇ ಸಾಲದು. ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ನಗರ ಯೋಜನಾ ಇಲಾಖೆ ಒಪ್ಪಿದ ಲೇಔಟ್ ನಕ್ಷೆಯೂ ಇರಬೇಕು. ಅದರಲ್ಲಿ ರಸ್ತೆ, ಉದ್ಯಾನಕ್ಕೆ ಬಿಟ್ಟ ಜಾಗ ನಮೂದಾಗಿರುತ್ತದೆ. ನಕ್ಷೆಯ ಉದ್ಯಾನವೇ ಪ್ಲಾಟಾಗಿ ನಿಮ್ಮ ಪಾಲಿಗೆ ಬರುತ್ತಿದೆಯೇ ಎಂದು ನೋಡಿಕೊಳ್ಳಬೇಕು. 500 ಚದರ ಮೀಟರ್ ಮೀರಿದ ಲೇಔಟು 'ರೇರಾ'ದಲ್ಲಿ ನೋಂದಣಿಯಾಗಬೇಕೆಂಬ ನಿಯಮ 2017ರಿಂದ ಇದೆ.

ಇನ್ನೊಂದು ಮುಖ್ಯ ಮಾತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. 1978ರ ಕಾಯ್ದೆ ಹಾಗೆ ಹೇಳುತ್ತದೆ. ಅಂಥ ಜಮೀನನ್ನು ಪ್ಲಾಟು ಮಾಡಿ ಮಾರಿದರೆ ಕೊಂಡವನ ಹಣಕ್ಕೂ ನೆಲೆಯಿಲ್ಲ, ಮೂಲ ಒಡೆಯನಿಗೂ ಅನ್ಯಾಯ. ಗುಂಟೆ ಲೆಕ್ಕದಲ್ಲಿ, ನೋಟರಿ ಕರಾರಿನ ಮೇಲೆ ಕೊಡುತ್ತೇವೆ, ನೋಂದಣಿ ಆಮೇಲೆ ಮಾಡಿಸಿದರಾಯಿತು ಎಂದರೆ ಸಂಚಕಾರ ಕೊಡದೆ ಎದ್ದು ಬರುವುದೇ ಮೇಲು.

ಈ ಕಾಗದಗಳಿಗೂ ಮಗುವಿನ ಓದಿಗೂ ನೇರ ನಂಟಿದೆ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡವಿಡಬೇಕಿಲ್ಲ. ಅದನ್ನು ಮೀರಿದರೆ ಬ್ಯಾಂಕು ಆಸ್ತಿಯ ಕಾಗದ ಕೇಳುತ್ತದೆ. ಮಗನಿಗೆ ವೈದ್ಯಕೀಯ ಸೀಟು ಸಿಕ್ಕಿದೆ, ಶುಲ್ಕ ಕಟ್ಟಲು ಉಳಿದಿರುವುದು ಹತ್ತೇ ದಿನ ಎನ್ನುವಾಗ ಪರಿವರ್ತನೆಯಾಗದ ಪ್ಲಾಟಿನ ಕಾಗದವನ್ನು ಬ್ಯಾಂಕು ಹಿಂದಕ್ಕೆ ತಳ್ಳುತ್ತದೆ. ಆತುರದಲ್ಲಿ ಮಾರಲು ಹೋದರೆ ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ. ಯಾವ ಓದಿಗಾಗಿ ಪ್ಲಾಟು ಕೊಂಡರೋ ಅದೇ ಓದಿಗೆ ಅದು ಉಪಯೋಗಕ್ಕೆ ಬಾರದಂತಾಗುತ್ತದೆ.

ಮೊದಲು ಇದ್ದು ನೋಡಿ

ಹಾಗಾದರೆ ದಾರಿ ಏನು? ಮೊದಲ ವರ್ಷ ಕಾಲೇಜಿನ ಹತ್ತಿರ ಬಾಡಿಗೆಗೆ ಇದ್ದು ನೋಡುವುದು ಒಳ್ಳೆಯದು. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿಗೆ ಸಮಯಕ್ಕೆ ಅರ್ಜಿ ಹಾಕಬಹುದು. ರಸ್ತೆ ಬದಿಯ ಊರಿನ ಹೆಣ್ಣುಮಕ್ಕಳು 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ದಿನಾ ಬಸ್ಸಿಗೆ ಹೋಗಿಬರುವ ಯೋಚನೆಯನ್ನೂ ಮಾಡಬಹುದು. ಒಂದು ವರ್ಷ ನಗರದಲ್ಲಿ ಓಡಾಡಿದವರಿಗೆ ಯಾವ ಬಡಾವಣೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ರಸ್ತೆ ಮಳೆಗೆ ಮುಳುಗುತ್ತದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಆಮೇಲೆ ಕೊಂಡರೆ ಕೊಂಡದ್ದು ನಿಲ್ಲುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಪಹಣಿ 'ಭೂಮಿ' ತಾಣದಲ್ಲಿ ಸಿಗುತ್ತದೆ, ಋಣಭಾರ ಪ್ರಮಾಣಪತ್ರ 'ಕಾವೇರಿ' ತಾಣದಲ್ಲಿ. ಅಪ್ಪ ಹೆಬ್ಬೆಟ್ಟು ಒತ್ತುವ ಅಥವಾ ಸಹಿ ಹಾಕುವ ಮುನ್ನ ಆ ಕಾಗದಗಳನ್ನು ತೆಗೆದು, ಸರ್ವೆ ನಂಬರು, ಒಡೆಯನ ಹೆಸರು, ಸಾಲದ ಕಲಮು ಮೂರನ್ನೂ ಮನೆಮಂದಿಗೆ ಗಟ್ಟಿಯಾಗಿ ಓದಿ ಹೇಳಿ. ತಿಳಿಯದ್ದನ್ನು ಒಬ್ಬ ವಕೀಲರಲ್ಲಿ ಕೇಳಿ. ನಿಮ್ಮನ್ನು ಓದಿಸಲು ಮನೆಯವರು ಪಟ್ಟ ಶ್ರಮಕ್ಕೆ ನೀವು ಕೊಡಬಹುದಾದ ಮೊದಲ ಫಲ ಇದೇ ಆಗಬಹುದು.